ಅನುಭವವನ್ನು ಅರಸಿ ಮನೆ ಬಿಡುವ ಮುನ್ನ

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನವಳು, ವಯಸ್ಸು 24. ಬಿ.ಕಾಂ. ಮುಗಿಸಿ ಗೋಣಿಕೊಪ್ಪದಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ ಮತ್ತು ಪಿಯುಸಿ ಓದುತ್ತಿರುವ ತಮ್ಮ ಇದ್ದಾರೆ. ಸ್ವಲ್ಪ ಕಾಫಿ ತೋಟವಿದೆ. ಕಳೆದ ಮಳೆಗಾಲದಲ್ಲಿ ತಲಕಾವೇರಿಗೆ ಹೋಗಿದ್ದಾಗ, ಮಂಜು ಮುಸುಕಿದ್ದ ಒಂದು ಬೆಳಿಗ್ಗೆ, ‘ನಾನು’ ಎಂಬುದೇ ಇಲ್ಲವಾದಂತಹ ಸ್ಥಿತಿ ಕೆಲವು ನಿಮಿಷ ಇತ್ತು. ಅಂದಿನಿಂದ ಬಹಳ ಓದಿದೆ, ಪ್ರವಚನ ಕೇಳಿದೆ. ಇನ್ನು ಓದಿ ಪ್ರಯೋಜನವಿಲ್ಲ, ಸ್ವತಃ ಅನುಭವಿಸಿಯೇ ತಿಳಿಯಬೇಕು ಎನಿಸುತ್ತಿದೆ. ಈಗ ಮನೆಯಲ್ಲಿ ಮದುವೆಯ ಮಾತು ನಡೆದಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಯಾರಿಗೂ ಹೇಳದೆ ಋಷಿಕೇಶದ ಕಡೆಗೆ ಹೊರಡಬೇಕೆಂದಿದ್ದೇನೆ, ಹೇಳಿದರೆ ಬಿಡುವುದಿಲ್ಲ. ಇದು ಪಲಾಯನವೇ? ಹೋಗುವುದಾದರೆ ಎಲ್ಲಿಗೆ ಹೋಗಬೇಕು? ಕೆಲಸಕ್ಕೆ ರಾಜೀನಾಮೆ ಕೊಡಬೇಕೆ?

ಉತ್ತರ: ಸತ್ಯವನ್ನು ಸ್ವಂತ ಅನುಭವದಿಂದ ತಿಳಿಯಬೇಕೆಂಬ ನಿಮ್ಮ ಹಂಬಲದಲ್ಲಿ ತಪ್ಪಿಲ್ಲ, ಅದಕ್ಕಾಗಿ ಮನೆಯಿಂದ ದೂರ ಹೋಗುವುದೂ ತಪ್ಪಲ್ಲ. ನನ್ನ ಆಕ್ಷೇಪವಿರುವುದು ‘ಯಾರಿಗೂ ಹೇಳದೆ’ ಎಂಬ ಮಾತಿಗೆ ಮತ್ತು ‘ಋಷಿಕೇಶದ ಕಡೆಗೆ’ ಎಂಬ ಅಸ್ಪಷ್ಟತೆಗೆ. ನಾನು ಬಹುಕಾಲ ತತ್ತ್ವಶಾಸ್ತ್ರವನ್ನು ಪಾಠ ಮಾಡಿದವನು. ನನಗೆ ಕಂಡಮಟ್ಟಿಗೆ, ಈ ನೆಲದ ಪರಂಪರೆಗಳು ಮನೆ ಬಿಡುವವರನ್ನು ತಡೆಯಲು ಶ್ರಮಿಸಿದ್ದಕ್ಕಿಂತ ಹೆಚ್ಚಾಗಿ, ಹೇಗೆ ಬಿಡಬೇಕು, ಯಾರ ಬಳಿಗೆ ಹೋಗಬೇಕು, ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಗೊತ್ತುಮಾಡಲು ಶ್ರಮಿಸಿವೆ.

ನೀವು ಕೇಳಿದ ಪ್ರವಚನಗಳಲ್ಲಿ ಜಾಬಾಲೋಪನಿಷತ್ತಿನ ಒಂದು ಮಾತು ಖಂಡಿತ ಬಂದಿರುತ್ತದೆ: ಯಾವ ದಿನ ವಿರಕ್ತಿ ಹುಟ್ಟುತ್ತದೆಯೋ ಆ ದಿನವೇ ಹೊರಟುಬಿಡಬೇಕು. ಯುವಕ ಯುವತಿಯರಿಗೆ ಈ ವಾಕ್ಯ ಬಹಳ ಹಿಡಿಸುತ್ತದೆ. ಆದರೆ ಅದೇ ಸಂದರ್ಭದಲ್ಲಿ, ಅದಕ್ಕೆ ಸ್ವಲ್ಪ ಮೊದಲು, ಬ್ರಹ್ಮಚರ್ಯವನ್ನು ಮುಗಿಸಿ ಗೃಹಸ್ಥನಾಗು, ಗೃಹಸ್ಥನಾದ ಮೇಲೆ ವನಸ್ಥನಾಗು, ಅನಂತರ ಹೊರಡು ಎಂಬ ಸಾಮಾನ್ಯ ಕ್ರಮವನ್ನೂ ಹೇಳಿದೆ. ಕೂಡಲೇ ಹೊರಡುವುದು ಆ ಕ್ರಮಕ್ಕೆ ಕೊಟ್ಟ ವಿನಾಯಿತಿ. ಮುಂಡಕೋಪನಿಷತ್ತಂತೂ ಇನ್ನೂ ಸ್ಪಷ್ಟವಾಗಿದೆ: ಕರ್ಮದಿಂದ ಗಳಿಸಿದ ಲೋಕಗಳನ್ನೆಲ್ಲ ಪರೀಕ್ಷಿಸಿ ನೋಡಿದವನು, ತಿಳಿಯಬೇಕಾದದ್ದನ್ನು ತಿಳಿಯಲು ಕೈಯಲ್ಲಿ ಸಮಿತ್ತು ಹಿಡಿದು, ಶಾಸ್ತ್ರ ಬಲ್ಲ ಮತ್ತು ಬ್ರಹ್ಮದಲ್ಲಿ ನೆಲೆನಿಂತ ಗುರುವಿನ ಬಳಿಗೆ ಹೋಗಬೇಕು. ಇಲ್ಲಿ ಬಿಟ್ಟು ಬಂದ ಮನೆಯ ಮಾತೇ ಇಲ್ಲ, ತಲುಪಬೇಕಾದ ವ್ಯಕ್ತಿಯ ಲಕ್ಷಣವಿದೆ. ನಿಮ್ಮ ಪತ್ರದಲ್ಲಿ ಬಿಡಬೇಕಾದ ಮನೆಯ ವಿವರ ತುಂಬ ಇದೆ. ತಲುಪಬೇಕಾದವರು ಯಾರೆಂಬುದು ಒಂದು ಸಾಲಿನಷ್ಟೂ ಇಲ್ಲ.

ಹೇಳದೆ ಹೋಗುವ ವಿಚಾರಕ್ಕೆ ಬರುತ್ತೇನೆ. ನಚಿಕೇತನ ಕಥೆ ನಿಮಗೆ ಗೊತ್ತಿದ್ದೇ ಇರುತ್ತದೆ. ತಂದೆ ಸಿಟ್ಟಿನಲ್ಲಿ ‘ನಿನ್ನನ್ನು ಮೃತ್ಯುವಿಗೆ ಕೊಟ್ಟೆ’ ಎಂದ, ಹುಡುಗ ಹೊರಟೇಬಿಟ್ಟ, ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದು ಮೂರು ವರಗಳನ್ನು ಪಡೆದ. ಎಲ್ಲರೂ ಮೂರನೆಯ ವರವಾದ ಆತ್ಮವಿದ್ಯೆಯ ಬಗ್ಗೆ ಮಾತನಾಡುತ್ತಾರೆ. ಆದರೆ ಅವನು ಮೊದಲು ಕೇಳಿದ್ದೇನು? ತನ್ನ ತಂದೆಯ ಮನಸ್ಸು ಶಾಂತವಾಗಿರಲಿ, ಸಿಟ್ಟು ಇಳಿಯಲಿ, ತಾನು ಮರಳಿದಾಗ ತನ್ನನ್ನು ಗುರುತಿಸಿ ಮಾತನಾಡಿಸಲಿ ಎಂದು. ಸಾವಿನ ಮನೆಯವರೆಗೆ ಹೋದ ಜಿಜ್ಞಾಸು ಅಲ್ಲಿಂದ ಮೊದಲು ಬಯಸಿದ್ದು ಮನೆಯವರ ನೆಮ್ಮದಿಯನ್ನು. ಆತ್ಮದ ಪ್ರಶ್ನೆ ಕೇಳಲು ಅವನಿಗೆ ಬಿಡುವಾದದ್ದು ಆ ನಂತರ.

‘ಬುದ್ಧನೂ ರಾತ್ರಿ ಹೇಳದೆ ಹೋದನಲ್ಲ’ ಎಂದು ನೀವು ಕೇಳಬಹುದು, ಮತ್ತು ಕೇಳಬೇಕಾದ ಪ್ರಶ್ನೆಯೇ ಅದು. ಸಿದ್ಧಾರ್ಥ ಮನೆ ಬಿಟ್ಟಾಗ ಅವನಿಗೆ 29 ವರ್ಷ, ಬೋಧಿ ದೊರೆತಾಗ 35 ಎಂಬುದು ಪರಂಪರೆಯ ಲೆಕ್ಕ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬುದ್ಧ ಕಪಿಲವಸ್ತುವಿಗೆ ಮರಳಿದಾಗ ಮಗ ರಾಹುಲನಿಗೂ ದೀಕ್ಷೆಯಾಯಿತು. ಆಗ ಮುದುಕ ತಂದೆ ಶುದ್ಧೋದನ ಬಂದು ತನ್ನ ನೋವನ್ನು ತೋಡಿಕೊಂಡ: ನೀನು ಹೋದಾಗ ದುಃಖವಾಯಿತು, ನಿನ್ನ ತಮ್ಮ ನಂದ ಹೋದಾಗಲೂ ಆಯಿತು, ಈಗ ರಾಹುಲ; ಮಕ್ಕಳ ಮೇಲಿನ ಪ್ರೀತಿ ಚರ್ಮವನ್ನು ಸೀಳಿ, ಮಾಂಸವನ್ನು ಸೀಳಿ, ಮೂಳೆಯನ್ನು ಸೀಳಿ, ಮಜ್ಜೆಯವರೆಗೆ ಇಳಿದು ನಿಲ್ಲುತ್ತದೆ; ಇನ್ನು ಮುಂದೆ ತಂದೆತಾಯಿಯರ ಒಪ್ಪಿಗೆಯಿಲ್ಲದೆ ಯಾರಿಗೂ ದೀಕ್ಷೆ ಕೊಡಬೇಡ ಎಂದ. ಬುದ್ಧ ಆ ಮಾತನ್ನು ಒಪ್ಪಿ ಸಂಘಕ್ಕೆ ನಿಯಮ ಮಾಡಿದ. ಇಂದಿಗೂ ದೀಕ್ಷೆಗೆ ಬಂದವರನ್ನು ‘ತಂದೆತಾಯಿಯರ ಅನುಮತಿ ಇದೆಯೇ’ ಎಂದು ಕೇಳಲಾಗುತ್ತದೆ. ಪೂರ್ಣ ದೀಕ್ಷೆಗೆ 20 ವರ್ಷ ತುಂಬಿರಬೇಕು. ಭಿಕ್ಷುಣಿಯಾಗುವವಳು ಅದಕ್ಕೂ ಮುನ್ನ ಎರಡು ವರ್ಷ ಶಿಕ್ಷಾರ್ಥಿಯಾಗಿರಬೇಕು ಎಂಬುದು ಹಳೆಯ ವಿಧಿ. ಜೈನರಲ್ಲಿಯೂ ದೀಕ್ಷೆ ಕದ್ದುಮುಚ್ಚಿ ನಡೆಯುವುದಿಲ್ಲ. ಮನೆಯವರ, ಸಮುದಾಯದ ಎದುರಿನಲ್ಲೇ ಆಗುತ್ತದೆ. ಹೇಳದೆ ಹೋದ ಒಬ್ಬ ಮಹಾಪುರುಷ ಕಟ್ಟಿದ ಸಂಸ್ಥೆಯೇ ಹೇಳದೆ ಬರುವವರನ್ನು ಒಳಗೆ ಬಿಡುವುದಿಲ್ಲ ಎಂಬುದನ್ನು ನೀವು ಗಮನಿಸಬೇಕು.

ರಮಣ ಮಹರ್ಷಿಗಳ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1896ರಲ್ಲಿ, 16ರ ಹರೆಯದಲ್ಲಿ, ಮದುರೆಯ ಮನೆಯಲ್ಲಿ ಅವರಿಗೆ ಸಾವಿನ ಅನುಭವವಾಯಿತು. ಆರೇಳು ವಾರಗಳ ನಂತರ ಅಣ್ಣನ ಕಾಲೇಜು ಶುಲ್ಕಕ್ಕಿಟ್ಟಿದ್ದ ಐದು ರೂಪಾಯಿಯಲ್ಲಿ ಮೂರನ್ನು ತೆಗೆದುಕೊಂಡು, ಎರಡನ್ನು ಚೀಟಿಯೊಡನೆ ಇಟ್ಟು ತಿರುವಣ್ಣಾಮಲೈಗೆ ಹೊರಟರು. ತನಗಾಗಿ ಯಾರೂ ದುಃಖಿಸಬಾರದು, ಹುಡುಕಲು ಹಣ ಖರ್ಚು ಮಾಡಬಾರದು ಎಂದು ಬರೆದು, ಶುಲ್ಕ ಇನ್ನೂ ಕಟ್ಟಿಲ್ಲ ಎಂಬುದನ್ನೂ ನೆನಪಿಸಿದ್ದರು. ಊರಿನ ಹೆಸರು ಮಾತ್ರ ಬರೆದಿರಲಿಲ್ಲ. ಮನೆಯವರಿಗೆ ಸುಳಿವು ಸಿಕ್ಕಿದ್ದು ಸುಮಾರು ಎರಡು ವರ್ಷದ ನಂತರ. 1898ರಲ್ಲಿ ತಾಯಿ ಅಳಗಮ್ಮಾಳ್ ಬಂದು ಅತ್ತು ಕರೆದರೂ ಅವರು ಹಿಂದಿರುಗಲಿಲ್ಲ. ಆದರೆ 1916ರಲ್ಲಿ ಆ ತಾಯಿ ಮಗನಿದ್ದಲ್ಲಿಗೇ ಬಂದು ನೆಲೆಸಿದರು. 1922ರಲ್ಲಿ ಅವರು ತೀರಿಕೊಂಡಾಗ ರಮಣರು ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತು ಎದೆಯ ಮೇಲೆ, ತಲೆಯ ಮೇಲೆ ಕೈಯಿಟ್ಟಿದ್ದರು. ಇಂದಿನ ರಮಣಾಶ್ರಮ ಬೆಳೆದದ್ದು ಆ ತಾಯಿಯ ಸಮಾಧಿಯ ಸುತ್ತ. ಈ ಕಥೆಯಿಂದ ‘ಹೇಳದೆ ಹೋಗಬಹುದು’ ಎಂಬ ಅನುಮತಿಯನ್ನು ಮಾತ್ರ ಆರಿಸಿಕೊಳ್ಳುವುದು ಅನುಕೂಲದ ಓದು. ಇನ್ನೊಂದು ಮಾತು: ಹೇಳದೆ ಹೋಗಿ ಮಹರ್ಷಿಗಳಾದವರ ಚರಿತ್ರೆ ಮಾತ್ರ ನಮ್ಮ ಕೈಗೆ ಬಂದಿದೆ. ಹೇಳದೆ ಹೋಗಿ ರೋಗಕ್ಕೋ ಮೋಸಕ್ಕೋ ಬರಿಯ ಬೇಸರಕ್ಕೋ ಸಿಕ್ಕಿ ಕಳೆದುಹೋದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ಕೊಡಗಿನವರಿಗೆ ಮಕ್ಕಳನ್ನು ದೂರ ಕಳುಹಿಸುವುದು ಹೊಸದಲ್ಲ. ಸೇನೆಗೆ ಮಕ್ಕಳನ್ನು ಕಳುಹಿಸಿದ ಮನೆಗಳು ಊರೂರಿನಲ್ಲಿವೆ. ಗುಂಡು ಹಾರುವ ಗಡಿಗೇ ಹೋಗುತ್ತಾನೆಂದು ತಿಳಿದೂ ಹಿರಿಯರು ಕಾಲಿಗೆರಗಿದವನ ತಲೆ ಮುಟ್ಟಿ ಹರಸಿ ಕಳುಹಿಸುತ್ತಾರೆ. ಹಾಗೆ ಕಳುಹಿಸಲು ಅವರಿಗೆ ಸಾಧ್ಯವಾಗುವುದು ಅವನು ಎಲ್ಲಿದ್ದಾನೆ, ಯಾರ ಕೈಕೆಳಗಿದ್ದಾನೆ, ರಜೆ ಯಾವಾಗ ಎಂಬುದು ಗೊತ್ತಿರುವುದರಿಂದ. ನಿಮ್ಮ ಅವ್ವನನ್ನು ಹಗಲಿರುಳು ಸುಡುವುದು ನೀವು ದೂರವಿದ್ದೀರಿ ಎಂಬುದಲ್ಲ, ನೀವಿರುವ ಜಾಗ ಗೊತ್ತಿಲ್ಲ ಎಂಬುದು. ನೀವು ಹೋದ ಮರುದಿನ ನಿಮ್ಮ ತಂದೆ ಠಾಣೆಗೆ ಹೋಗಿ ‘ಮಗಳು ಕಾಣೆಯಾಗಿದ್ದಾಳೆ’ ಎಂದು ದೂರು ಕೊಡುತ್ತಾರೆ, ನಿಮ್ಮ ಫೋನಿನಲ್ಲಿರುವ ಸಹೋದ್ಯೋಗಿಗಳನ್ನು ಪೊಲೀಸರು ವಿಚಾರಿಸುತ್ತಾರೆ, ಪಿಯುಸಿ ಪರೀಕ್ಷೆಯ ಹೊತ್ತಿನಲ್ಲಿ ನಿಮ್ಮ ತಮ್ಮ ನಿಮ್ಮ ಫೋಟೊ ಹಿಡಿದು ತಿರುಗುತ್ತಾನೆ. ವಯಸ್ಸು 18 ದಾಟಿರುವುದರಿಂದ ಸ್ವಇಚ್ಛೆಯಿಂದ ಹೊರಟಿದ್ದೇನೆ ಎಂದು ನೀವು ಹೇಳಿದರೆ ಯಾರೂ ಬಲವಂತವಾಗಿ ಕರೆತರುವಂತಿಲ್ಲ. ಆದರೆ ಆ ಮಾತನ್ನು ಪೊಲೀಸರಿಗೆ ಹೇಳುವುದಕ್ಕಿಂತ ಅವ್ವನಿಗೇ ಹೇಳುವುದು ಮೇಲು.

ಈಗ ಅನುಭವದ ಮಾತು. ನಿಮ್ಮ ಪತ್ರದ ಬೇರು ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ತಲಕಾವೇರಿಯಲ್ಲಿ ನಿಮಗೆ ಆದದ್ದನ್ನು ನಾನು ಭ್ರಮೆಯೆಂದು ತಳ್ಳಿಹಾಕುವುದಿಲ್ಲ. ಅಂತಹ ಗಳಿಗೆಗಳು ಅನೇಕರಿಗೆ, ಯಾವ ಸಾಧನೆಯನ್ನೂ ಮಾಡದವರಿಗೆ ಸಹ, ಬೆಟ್ಟದ ಮೇಲೆ, ಹೆರಿಗೆಯ ಹೊತ್ತಿನಲ್ಲಿ, ಹತ್ತಿರದವರ ಸಾವಿನ ಪಕ್ಕದಲ್ಲಿ ಆಗಿವೆ. ಆದರೆ ಅದನ್ನೇ ಜ್ಞಾನೋದಯದ ತುಣುಕು ಎಂದು ತಿಳಿದು, ಇನ್ನಷ್ಟು ತುಣುಕುಗಳನ್ನು ಕೂಡಿಸಲು ಹೊರಡುವುದು ಬೇರೆ ವಿಚಾರ. ಅನುಭವವೇ ಪ್ರಮಾಣ ಎಂಬ ವಾದ ಹೊಸದಲ್ಲ. ಬ್ರಹ್ಮಜಿಜ್ಞಾಸೆಯಲ್ಲಿ ಶ್ರುತಿಯಷ್ಟೇ ಅಲ್ಲ ಅನುಭವವೂ ಪ್ರಮಾಣ, ಏಕೆಂದರೆ ಆ ಜ್ಞಾನ ಮುಗಿಯುವುದೇ ಅನುಭವದಲ್ಲಿ ಎಂದು ಶಂಕರಾಚಾರ್ಯರೇ ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಹೇಳಿದ್ದಾರೆ. ಹಾಗೆ ಹೇಳಿದವರು ಬಂದುಹೋಗುವ ಸ್ಥಿತಿಯನ್ನು ಕುರಿತು ಆ ಮಾತನ್ನು ಹೇಳಲಿಲ್ಲ. ಮಂಜಿನೊಡನೆ ಬಂದು ಮಂಜಿನೊಡನೆ ಹೋದದ್ದು ಯಾವ ದರ್ಶನದ ಲೆಕ್ಕದಲ್ಲೂ ಗುರಿಯಲ್ಲ.

ಪತಂಜಲಿ ಈ ವಿಷಯದಲ್ಲಿ ನಿಷ್ಠುರ. ಅಭ್ಯಾಸ ಗಟ್ಟಿ ನೆಲೆಯಾಗುವುದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಸಿದಾಗ ಮಾತ್ರ ಎನ್ನುತ್ತಾನೆ. ಚಿತ್ತವನ್ನು ಚದುರಿಸುವ ಒಂಬತ್ತು ಅಡ್ಡಿಗಳನ್ನು ಎಣಿಸುವಾಗ ರೋಗ, ಜಡತೆ, ಸಂಶಯ, ಸೋಮಾರಿತನಗಳ ಜೊತೆಯಲ್ಲೇ ‘ಭ್ರಾಂತಿದರ್ಶನ’ವನ್ನೂ, ಮುಟ್ಟಿದ ನೆಲೆಯಲ್ಲಿ ನಿಲ್ಲಲಾಗದಿರುವುದನ್ನೂ ಸೇರಿಸಿದ್ದಾನೆ. ಅಸಾಧಾರಣ ಶಕ್ತಿಗಳು ಹೊರಮುಖ ಮನಸ್ಸಿಗೆ ಸಿದ್ಧಿಗಳಾಗಿ ಕಂಡರೂ ಸಮಾಧಿಗೆ ಅವು ತೊಡಕು ಎಂಬುದೂ ಅವನ ಮಾತೇ. ಕಾಲಾಮರೆಂಬ ಜನರಿಗೆ ಬುದ್ಧ ಕೊಟ್ಟ ಉಪದೇಶವನ್ನು ‘ಯಾರ ಮಾತನ್ನೂ ನಂಬಬೇಡ, ಸ್ವತಃ ಅನುಭವಿಸಿ ನೋಡು’ ಎಂದು ಎಲ್ಲೆಡೆ ಉದ್ಧರಿಸುತ್ತಾರೆ. ಪೂರ್ತಿ ಓದಿದರೆ ಅಲ್ಲಿನ ಒರೆಗಲ್ಲು ಬೇರೆಯೇ: ಇದನ್ನು ಹಿಡಿದು ನಡೆದಾಗ ಲೋಭ, ದ್ವೇಷ, ಮೋಹಗಳು ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ, ಬಲ್ಲವರು ಇದನ್ನು ಮೆಚ್ಚುತ್ತಾರೋ ಹಳಿಯುತ್ತಾರೋ ನೋಡಿ ಎಂದು. ಅನುಭವ ಎಷ್ಟು ತೀವ್ರವಾಗಿತ್ತು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ತಲಕಾವೇರಿಯಿಂದ ಮರಳಿದ ಮೇಲಿನ ನಿಮ್ಮ ವರ್ಷ ಹೇಗಿತ್ತು? ಅಜ್ಜಿಯೊಡನೆ ತಾಳ್ಮೆ ಹೆಚ್ಚಿತೇ? ಕಚೇರಿಯಲ್ಲಿ ಯಾರೋ ಹೀಗಳೆದಾಗ ಮನಸ್ಸು ಮೊದಲಿಗಿಂತ ಬೇಗ ತಿಳಿಯಾಯಿತೇ? ಅಥವಾ ಸುತ್ತಲಿನವರೆಲ್ಲ ನಿದ್ದೆಯಲ್ಲಿದ್ದಾರೆ, ತಾನೊಬ್ಬಳೇ ಎಚ್ಚರ ಎಂಬ ಸಣ್ಣ ಗರ್ವ ಬಂದು ಕುಳಿತಿತೇ? ಇದಕ್ಕೆ ಉತ್ತರ ನಿಮಗೊಬ್ಬರಿಗೇ ಗೊತ್ತಿರುವುದು ಸಾಲದು. ನಿಮ್ಮನ್ನು ದಿನವೂ ನೋಡುವ ಇನ್ನೊಬ್ಬರನ್ನೂ ಕೇಳಬೇಕು.

ಅನುಭವವನ್ನು ಇನ್ನೊಬ್ಬರ ಎದುರಿಗೆ ಇಡುವುದರಲ್ಲಿ ಅವಮಾನವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಒಬ್ಬಳೇ ಹೊರಟ ಅಕ್ಕಮಹಾದೇವಿಯಷ್ಟು ದಿಟ್ಟತನದಿಂದ ಮನೆ ಬಿಟ್ಟವರು ಕನ್ನಡದಲ್ಲಿ ಮತ್ತೊಬ್ಬರಿಲ್ಲ. ಅವಳೂ ನೇರವಾಗಿ ಶ್ರೀಶೈಲದ ಕಾಡಿಗೆ ಹೋಗಲಿಲ್ಲ. ಮೊದಲು ಕಲ್ಯಾಣಕ್ಕೆ ಬಂದಳು. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಶರಣರ ಸಭೆಯಲ್ಲಿ ಅವಳನ್ನು ಕಟುವಾಗಿಯೇ ಪ್ರಶ್ನಿಸುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ, ಸಭೆ ಒಪ್ಪುತ್ತದೆ, ಆಮೇಲೆ ಶ್ರೀಶೈಲದ ಕದಳಿವನದ ದಾರಿ. ನಿಮ್ಮ ಯೋಜನೆಯಲ್ಲಿ ಕಲ್ಯಾಣವೇ ಇಲ್ಲ.

ಕಲ್ಯಾಣದಂತಹ ಜಾಗಗಳು ಕೊಡಗಿನ ಮಗ್ಗುಲಲ್ಲೇ ಇವೆ ಎಂಬುದು ನಮಗೆ ಮರೆತುಹೋಗಿದೆ. ಕುಶಾಲನಗರದಿಂದ ಕಾವೇರಿ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಆ ಶಿಬಿರದಲ್ಲಿ, ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಲಾರಂಭಿಸಿದ ನಾಮ್‌ಡ್ರೋಲಿಂಗ್ ಮಠವಿದೆ, ಸೆರಾ ಮಠವೂ ಇದೆ. ಸ್ವರ್ಣಮಂದಿರದ ಮುಂದೆ ಫೋಟೊ ತೆಗೆಸಿಕೊಂಡು ಮರಳುವ ನಮಗೆ, ಒಳಗಿನವರು ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಬೇಕೆಂದು ಹೊಳೆಯುವುದಿಲ್ಲ. ಅವರು ಕಂಠಪಾಠ ಮಾಡುತ್ತಾರೆ, ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರೆ, ಅಡುಗೆಮನೆಯಲ್ಲಿ ಸರದಿಯ ಕೆಲಸ ಮಾಡುತ್ತಾರೆ. ನಾಮ್‌ಡ್ರೋಲಿಂಗ್‌ನ ಉನ್ನತ ಅಧ್ಯಯನ ಒಂಬತ್ತು ವರ್ಷದ್ದು. ಸೆರಾದಲ್ಲಿ ಗೆಶೆ ಎಂಬ ಉನ್ನತ ವಿದ್ವತ್ ಪದವಿಗೆ ಇಪ್ಪತ್ತರ ಆಸುಪಾಸು ವರ್ಷ ಹಿಡಿಯುತ್ತದೆ. ಅದಕ್ಕೆ ಸಮಾನವಾದ ಗೆಶೆಮಾ ಪದವಿ ಭಿಕ್ಷುಣಿಯರಿಗೆ ಮೊದಲ ಬಾರಿ ದೊರೆತದ್ದು 2016ರಲ್ಲಿ, 20 ಮಂದಿಗೆ. ಅನುಭವಕ್ಕೆ ಇಷ್ಟು ಬೆಲೆ ಕೊಡುವ ಪರಂಪರೆಯೇ ಓದಿಗೆ ಇಷ್ಟು ವರ್ಷ ಮೀಸಲಿಟ್ಟಿದೆ. ‘ಇನ್ನು ಓದಿ ಪ್ರಯೋಜನವಿಲ್ಲ’ ಎಂಬ ನಿಮ್ಮ ತೀರ್ಮಾನ ಸ್ವಲ್ಪ ಬೇಗ ಆಯಿತೇನೋ ಎಂದು ನನಗೆ ಅನ್ನಿಸುವುದು ಅದಕ್ಕೇ.

ಇನ್ನು ನಿಮಗೆ ಗೋಣಿಕೊಪ್ಪದಿಂದ ಕೂಗಳತೆಯಲ್ಲೇ ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮವಿದೆ. ರಾಮಕೃಷ್ಣ ಸಂಘದಲ್ಲಿ ಬಂದವರಿಗೆ ಬಂದ ಕೂಡಲೇ ಕಾವಿ ಕೊಡುವುದಿಲ್ಲ. ಮೊದಲು ಆಶ್ರಮದ ಕೆಲಸಗಳಲ್ಲಿ ಪರೀಕ್ಷೆ, ಕೋಲ್ಕತ್ತದ ಬಳಿಯ ಬೇಲೂರು ಮಠದಲ್ಲಿ ಎರಡು ವರ್ಷ ತರಬೇತಿ, ಬ್ರಹ್ಮಚರ್ಯ ದೀಕ್ಷೆ, ಎಲ್ಲ ಸೇರಿ ಒಂಬತ್ತು ಹತ್ತು ವರ್ಷವಾದ ಮೇಲೆ ಸನ್ಯಾಸ. ಅದು ಪುರುಷರ ಸಂಘ. ಸ್ತ್ರೀಯರಿಗೆ 1954ರಲ್ಲಿ ದಕ್ಷಿಣೇಶ್ವರದಲ್ಲಿ ಆರಂಭವಾಗಿ, ಮುಂದೆ ಸಂಪೂರ್ಣ ಸ್ವತಂತ್ರವಾದ ಶಾರದಾ ಮಠವಿದೆ, ಅದರ ಆಡಳಿತ ಸನ್ಯಾಸಿನಿಯರದೇ. ಪೊನ್ನಂಪೇಟೆಗೆ ಹೋಗಿ ಅಲ್ಲಿನ ಹಿರಿಯ ಸ್ವಾಮಿಗಳನ್ನು ಕಂಡು, ‘ನನಗೆ ಹೀಗೆ ಅನ್ನಿಸುತ್ತಿದೆ, ಶಾರದಾ ಮಠದವರೊಡನೆ ಪತ್ರವ್ಯವಹಾರ ಹೇಗೆ’ ಎಂದು ಕೇಳುವುದಕ್ಕೆ ಒಂದು ಭಾನುವಾರ ಸಾಕು. ಋಷಿಕೇಶಕ್ಕಿಂತ ಅದು ಕಡಿಮೆ ರೋಮಾಂಚಕ, ನಿಜ. ಋಷಿಕೇಶದಲ್ಲಿ 1936ರಲ್ಲಿ ಸ್ವಾಮಿ ಶಿವಾನಂದರು ಸ್ಥಾಪಿಸಿದ ದಿವ್ಯಜೀವನ ಸಂಘದಂತಹ ಗಟ್ಟಿ ಸಂಸ್ಥೆಗಳಿವೆ. ಅದೇ ಬೀದಿಗಳಲ್ಲಿ 200 ಗಂಟೆಗಳ ಯೋಗ ಶಿಕ್ಷಕ ಪ್ರಮಾಣಪತ್ರ ಮಾರುವ ಅಂಗಡಿಗಳೂ ಸಾಲುಗಟ್ಟಿವೆ. ಮುಂಚಿತವಾಗಿ ಬರೆದು, ಒಪ್ಪಿಗೆ ಪಡೆದು ಹೋದವರಿಗೆ ಮೊದಲನೆಯವು ಸಿಗುತ್ತವೆ. ಬಸ್ಸಿಳಿದು ಹುಡುಕುವವರಿಗೆ ಎದುರಾಗುವುದು ಎರಡನೆಯವು.

ಪಲಾಯನವೇ ಎಂದು ಕೇಳಿದ್ದೀರಿ. ಅದಕ್ಕೆ ನಿಮ್ಮ ಪತ್ರದಲ್ಲಿ ಬೆಸೆದುಹೋಗಿರುವ ಎರಡು ವಿಚಾರಗಳನ್ನು ಬಿಡಿಸಬೇಕು. ಮದುವೆ ಈಗ ಬೇಡ ಎಂಬುದು ಒಂದು; ಆಧ್ಯಾತ್ಮಿಕ ಜೀವನ ಬೇಕು ಎಂಬುದು ಇನ್ನೊಂದು. ನಾಳೆಯೇ ಮದುವೆಯ ಮಾತು ನಿಂತುಹೋದರೆ ಹೊರಡುವ ಅವಸರ ಎಷ್ಟು ಉಳಿಯುತ್ತದೆ ಎಂದು ನೋಡಿಕೊಳ್ಳಿ. ಅವಸರ ಇಳಿದುಹೋದರೆ ನಾಚಿಕೆಪಡಬೇಕಾಗಿಲ್ಲ. ನಮ್ಮ ಸಮಾಜದಲ್ಲಿ ಹೆಣ್ಣುಮಗಳು ‘ಬೇಡ’ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ದೇವರ ಹೆಸರು ಮುಂದಿಟ್ಟರೆ ಮಾತ್ರ ಒಂದಿಷ್ಟು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳ ಬೇಡಿಕೆ ವೈರಾಗ್ಯದ ವೇಷ ಹಾಕುತ್ತದೆ. ಇದು ಅವರ ದೋಷವಲ್ಲ, ಕೇಳಿಸಿಕೊಳ್ಳದವರ ದೋಷ. ಆದರೆ ಮದುವೆ ಮುಂದೂಡಲು ಮಠದ ಅಗತ್ಯವಿಲ್ಲ. ‘ಎರಡು ವರ್ಷ ಈ ಮಾತು ಬೇಡ’ ಎಂದು ಅಪ್ಪನೊಡನೆ, ಒಕ್ಕದಲ್ಲಿ (ಕುಲದ ಬಳಗದಲ್ಲಿ) ನಿಮ್ಮ ಮಾತಿಗೆ ಬೆಲೆ ಕೊಡುವ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ನೇರವಾಗಿ ಹೇಳಬಹುದು. ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನಕ್ಕೆ ಮಾತ್ರ ಒಪ್ಪಬೇಡಿ. ಅದು ನಿಮಗಷ್ಟೇ ಅಲ್ಲ, ಏನೂ ತಿಳಿಯದ ಒಬ್ಬ ಹುಡುಗನಿಗೂ ಮಾಡುವ ಅನ್ಯಾಯ. ಸಂಗಾತಿ ಸನ್ಯಾಸ ಸ್ವೀಕರಿಸುವುದನ್ನು 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ಕಾರಣವೆಂದೇ ಎಣಿಸಿರುವುದು ಸುಮ್ಮನೆ ಅಲ್ಲ.

ಹೆಣ್ಣುಮಗಳು ಒಬ್ಬಳೇ ಹೊರಡುವಾಗಿನ ಅಪಾಯವನ್ನು ಹೇಳಿದರೆ ಹೆದರಿಸಿದಂತೆ ಆಗುತ್ತದೆ, ಹೇಳದಿದ್ದರೆ ವಂಚಿಸಿದಂತೆ. ಯಾವ ಆಶ್ರಮಕ್ಕೆ ಹೋದರೂ, ಸ್ತ್ರೀಯರ ವಸತಿಯ ಹೊಣೆ ಸ್ತ್ರೀಯರ ಕೈಯಲ್ಲೇ ಇದೆಯೇ ಎಂದು ವಿಚಾರಿಸಿ. ಗುರುಗಳು ಶಿಷ್ಯೆಯರನ್ನು ಏಕಾಂತದಲ್ಲಿ ಕಾಣುವ ಪದ್ಧತಿ ಇದ್ದರೆ, ಫೋನು ಮತ್ತು ಆಧಾರ್ ಕಾರ್ಡನ್ನು ಕಾಲಮಿತಿಯಿಲ್ಲದೆ ಒಪ್ಪಿಸಬೇಕೆಂದರೆ, ಮನೆಯವರ ಸಂಪರ್ಕ ಕಡಿಯುವುದೇ ವೈರಾಗ್ಯದ ಗುರುತು ಎಂದರೆ, ಅಂದೇ ಹಿಂದಿರುಗಿ. ಅಲ್ಲಿ ಕೆಲವು ವರ್ಷವಿದ್ದು ಬಿಟ್ಟುಬಂದವರೊಡನೆ ಮಾತನಾಡಿ. ಒಳ್ಳೆಯ ಸಂಸ್ಥೆಯನ್ನು ಬಿಟ್ಟವರೂ ಅದರ ಬಗ್ಗೆ ಭಯವಿಲ್ಲದೆ ಮಾತನಾಡುತ್ತಾರೆ. ಆಸ್ತಿಯ ಪಾಲು ಬಿಟ್ಟುಕೊಡುವ ಯಾವ ಪತ್ರಕ್ಕೂ, ಮನೆಯವರದಿರಲಿ ಮಠದವರದಿರಲಿ, ಈ ವಯಸ್ಸಿನಲ್ಲಿ ಸಹಿ ಹಾಕಬೇಡಿ.

ಇನ್ನೊಂದು ವಿಚಾರವನ್ನು ಸಂಕೋಚವಿಲ್ಲದೆ ಕೇಳುತ್ತೇನೆ. ಈಚೆಗೆ ನಿದ್ದೆ ಹೇಗಿದೆ? ನಿದ್ದೆ ಬೇಕೆಂದೇ ಅನ್ನಿಸದೆ ಉತ್ಸಾಹ ಉಕ್ಕುತ್ತಿದ್ದರೆ, ತನಗೆ ಮಾತ್ರ ವಿಶೇಷ ಸೂಚನೆಗಳು ಬರುತ್ತಿವೆ ಅನ್ನಿಸಿದರೆ, ಯಾರೋ ಮಾತನಾಡುವುದು ಕೇಳಿಸಿದರೆ, ಅಥವಾ ‘ನಾನು ನಾನಲ್ಲ’ ಎಂಬ ಭಾವ ನೆಮ್ಮದಿಯ ಬದಲು ದಿಗಿಲು ತಂದು ದಿನಗಟ್ಟಲೆ ಉಳಿದರೆ, ಯಾತ್ರೆಗೆ ಮೊದಲು ಮನೋವೈದ್ಯರನ್ನು ಕಾಣಬೇಕು. ತೀವ್ರ ಮಾನಸಿಕ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಹರೆಯದಲ್ಲಿ. ದಿನಗಟ್ಟಲೆಯ ಮೌನ ಮತ್ತು ತೀವ್ರ ಧ್ಯಾನ ಅಂತಹವರಿಗೆ ಹಾನಿ ಮಾಡಿದ ಸಂದರ್ಭಗಳು ದಾಖಲಾಗಿವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಪತ್ರದ ಸ್ಥಿಮಿತವನ್ನು ನೋಡಿದರೆ ಇದು ನಿಮಗೆ ಅನ್ವಯಿಸಲಿಕ್ಕಿಲ್ಲ ಎನಿಸುತ್ತದೆ. ಆದರೂ ಪತ್ರ ಓದಿ ಇದನ್ನು ನಿರ್ಧರಿಸಲಾಗದು.

ಹಾಗಾದರೆ ಎಲ್ಲಿಂದ ಆರಂಭ? ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಈ ಶಿಬಿರ ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ಮುಗಿಸಿದವರು ಇಷ್ಟವಿದ್ದರೆ ದಾನ ಕೊಡಬಹುದು. ಸ್ತ್ರೀ ಪುರುಷರ ವಸತಿ ಪ್ರತ್ಯೇಕ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ, ಕೊನೆಯ ದಿನದವರೆಗೆ ಮೌನ. ಅರ್ಜಿಯಲ್ಲೇ ದೇಹ ಮತ್ತು ಮನಸ್ಸಿನ ಆರೋಗ್ಯದ ವಿವರ ಕೇಳುತ್ತಾರೆ, ಮುಚ್ಚಿಡದೆ ಬರೆಯಿರಿ. ಅಲ್ಲಿ ಜ್ಞಾನೋದಯವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೂರನೆಯ ದಿನ ಮಂಡಿ ನೋಯುವಾಗ, ಆರನೆಯ ದಿನ ಎಂದೋ ಆದ ಜಗಳ ನೆನಪಾಗಿ ಕುದಿಯುವಾಗ, ತಲಕಾವೇರಿಯ ಮಂಜು ಎಷ್ಟು ಕರೆದರೂ ಬಾರದಿರುವಾಗ, ನಿಮ್ಮ ಹಂಬಲ ಯಾವ ಬಗೆಯದು ಎಂಬುದು ನಿಮಗೇ ಕಾಣುತ್ತದೆ. ಅನುಭವ ಬೇಕು ಎಂದಿರಿ. ಇದೂ ಅನುಭವವೇ, ಮತ್ತು ಹೆಚ್ಚು ನಂಬಬಹುದಾದ ಬಗೆಯದು.

ಮರಳಿ ಬಂದ ಮೇಲೆ ಆರು ತಿಂಗಳು ಮನೆಯಲ್ಲೇ ಇದ್ದು ಬೆಳಿಗ್ಗೆ ಒಂದು ಗಂಟೆ, ಸಂಜೆ ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ತಪ್ಪದೆ ಕುಳಿತುಕೊಳ್ಳಿ. ಟಿವಿಯ ಸದ್ದಿನ ನಡುವೆ, ಕೊಯ್ಲಿನ ಆಳುಗಳ ಗದ್ದಲದ ನಡುವೆ ಅದು ನಡೆದರೆ ಹಿಮಾಲಯದಲ್ಲೂ ನಡೆಯುತ್ತದೆ. ಇಲ್ಲಿ ನಡೆಯದ್ದು ಅಲ್ಲಿಗೆ ಹೋದ ಮಾತ್ರಕ್ಕೆ ನಡೆಯುತ್ತದೆ ಎಂದು ನಾನು ನಂಬುವುದಿಲ್ಲ. ಆಗಲೂ ಹಂಬಲ ಹಾಗೆಯೇ ಇದ್ದರೆ, ಆರಿಸಿಕೊಂಡ ಒಂದು ಆಶ್ರಮಕ್ಕೆ ಬರೆದು, ಮೂರು ತಿಂಗಳು ಅತಿಥಿಯಾಗಿಯೋ ಸ್ವಯಂಸೇವಕಿಯಾಗಿಯೋ ಇರಲು ಕೇಳಿ. ದೀಕ್ಷೆಯ ಮಾತು ಅದಾದ ನಂತರದ್ದು.

ಮನೆಯಲ್ಲಿ ಹೇಳುವುದು ಹೇಗೆ ಎಂದರೆ, ‘ಮನೆ ಬಿಡುತ್ತೇನೆ’ ಎಂದು ಹೇಳಬೇಡಿ, ಏಕೆಂದರೆ ನೀವು ಇನ್ನೂ ಅಂತಹ ನಿರ್ಧಾರಕ್ಕೆ ಬಂದಿಲ್ಲ. ‘ಇಂತಹ ಜಾಗಕ್ಕೆ ಇಂತಿಷ್ಟು ದಿನಕ್ಕೆ ಹೋಗುತ್ತೇನೆ, ಇದು ಅವರ ಫೋನ್ ಸಂಖ್ಯೆ, ಈ ದಿನ ಬರುತ್ತೇನೆ’ ಎಂದು ಹೇಳಿ, ಮತ್ತು ಆ ದಿನ ಬನ್ನಿ. ಮೊದಲ ಸಲ ಅವ್ವ ಅಳಬಹುದು, ಅಪ್ಪ ಮಾತು ಬಿಡಬಹುದು. ಹೇಳಿದ ದಿನಕ್ಕೆ ಮರಳಿದ ಮಗಳ ಎರಡನೆಯ ಮಾತಿಗೆ ಇರುವ ತೂಕ ಬೇರೆ. ಅಜ್ಜಿಗೆ ಮೊದಲು ಹೇಳಿ ನೋಡಿ. ಇಂತಹ ವಿಷಯಗಳನ್ನು ಎರಡು ತಲೆಮಾರಿನ ಹಿಂದಿನವರು ತಂದೆತಾಯಿಗಿಂತ ಸುಲಭವಾಗಿ ಒಪ್ಪುವುದನ್ನು ನಾನು ಕಂಡಿದ್ದೇನೆ. ಒಪ್ಪಿಗೆ ಸಿಗುವವರೆಗೆ ಜೀವನಪೂರ್ತಿ ಕಾಯಿರಿ ಎಂದೂ ನಾನು ಹೇಳುತ್ತಿಲ್ಲ. ಹೇಳಿದ ಮೇಲೆ, ಸಮಯ ಕೊಟ್ಟ ಮೇಲೆ, ವಿಳಾಸ ಕೊಟ್ಟ ಮೇಲೆಯೂ ಒಪ್ಪದಿದ್ದರೆ ವಯಸ್ಕಳಾಗಿ ನಿಮ್ಮ ನಿರ್ಧಾರ ನಿಮ್ಮದು.

ಮನೆಯ ಜವಾಬ್ದಾರಿಯ ಪ್ರಶ್ನೆ ನೀವು ಎತ್ತದಿದ್ದರೂ ಅದು ಇದೆ. ತಮ್ಮನ ಓದು ಮುಗಿದಿಲ್ಲ. ನಿಮ್ಮ ಸಂಬಳದಲ್ಲಿ ಮನೆಗೆ ಎಷ್ಟು ಹೋಗುತ್ತಿದೆ ಎಂದು ಲೆಕ್ಕದವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಸ್ವಾಮಿ ವಿವೇಕಾನಂದರು ಸನ್ಯಾಸಿಯಾದ ಮೇಲೂ ತಾಯಿ ಭುವನೇಶ್ವರಿ ದೇವಿಯ ಜೀವನದ ಚಿಂತೆಯನ್ನು ಬಿಡಲಿಲ್ಲ. ಖೇತ್ರಿಯ ರಾಜ ಅಜಿತ್ ಸಿಂಗ್ ಆಕೆಗೆ ತಿಂಗಳಿಗೆ 100 ರೂಪಾಯಿ ಕಳುಹಿಸುವ ಏರ್ಪಾಡು ಇತ್ತು. ಅದರಿಂದ ಅವರ ವೈರಾಗ್ಯಕ್ಕೆ ಕುಂದು ಬಂತೆಂದು ಯಾರೂ ಹೇಳಿಲ್ಲ.

ಕೊನೆಗೆ ಕೆಲಸದ ಪ್ರಶ್ನೆ. ರಾಜೀನಾಮೆ ಈಗ ಬೇಡ. ಹತ್ತು ದಿನದ ಶಿಬಿರಕ್ಕೆ ಸೇರುವ ಮತ್ತು ಹೊರಡುವ ದಿನಗಳೂ ಸೇರಿ ಹನ್ನೆರಡು ದಿನ ಬೇಕು; ಪ್ರಯಾಣಕ್ಕೆ ಒಂದೆರಡು ದಿನ ಹೆಚ್ಚಿಗೆ ಕೇಳಿ. ಮಾರ್ಚ್ ಕೊನೆಯ ಲೆಕ್ಕ ಮುಗಿಯುವವರೆಗೆ ನಿಮ್ಮ ಕಚೇರಿ ರಜೆ ಕೊಡಲಾರದು, ಅಷ್ಟರಲ್ಲಿ ರೋಬಸ್ಟಾ ಕೊಯ್ಲೂ ಮುಗಿದಿರುತ್ತದೆ. ಆದ್ದರಿಂದ ಏಪ್ರಿಲ್ ಅಥವಾ ಮೇ ತಿಂಗಳ ಶಿಬಿರಕ್ಕೆ ಈಗಲೇ ಅರ್ಜಿ ಹಾಕಿ. ಸ್ತ್ರೀಯರ ಸ್ಥಾನಗಳು ಬೇಗ ತುಂಬುತ್ತವೆ. ಮುಂದೆ ಮೂರು ತಿಂಗಳಿಗೆ ಹೋಗುವಾಗ ಸಂಬಳವಿಲ್ಲದ ರಜೆ ಕೇಳಿ, ಸಿಗದಿದ್ದರೆ ಆಗ ರಾಜೀನಾಮೆಯ ವಿಚಾರ. ಯಾವುದಕ್ಕೂ, ಮರಳಿ ಬರುವ ಟಿಕೆಟ್ಟಿನ ಹಣ ಮತ್ತು ಆರು ತಿಂಗಳ ಖರ್ಚು ನಿಮ್ಮ ಹೆಸರಿನ ಖಾತೆಯಲ್ಲಿ ಇರಲಿ. ಎಷ್ಟೇ ಪವಿತ್ರವಾದ ಕಾರ್ಯಕ್ಕೆ ಯಾರು ಕೇಳಿದರೂ ಆ ಮೊತ್ತವನ್ನು ಕೊಡಬೇಡಿ.